ಬನ್ನೇರುಘಟ್ಟದ ಬೇಲಿಯ ಈಚೆ, ಆಚೆ

ಬನ್ನೇರುಘಟ್ಟಕ್ಕೆ ಹೋಗಿಬಂದೆ ಎಂದು ಹೇಳಿದ ಕೂಡಲೇ ಬೆಂಗಳೂರಿನವರು ಕೇಳುವ ಮೊದಲ ಮಾತು "ಹುಲಿ ಕಾಣಿಸಿತಾ?" ಎಂಬುದು. ಬಂಡೀಪುರದಿಂದಲೋ ಕಬಿನಿಯಿಂದಲೋ ಮರಳಿದವರನ್ನು ಹಾಗೆ ಕೇಳುವುದರಲ್ಲಿ ಅರ್ಥವಿದೆ, ಏಕೆಂದರೆ ಅಲ್ಲಿ ಎದುರಿಗೆ ಬರುವುದೂ ಬಾರದಿರುವುದೂ ಹುಲಿಯ ಇಷ್ಟ. ಬನ್ನೇರುಘಟ್ಟದ ಸಫಾರಿಯಲ್ಲಿ ಹುಲಿ ಕಾಣದೆ ಹೋಗುವುದೇ ಕಷ್ಟ. ಅದಕ್ಕೊಂದು ಹೆಸರಿದೆ, ರಾತ್ರಿ ಸೇರಿಕೊಳ್ಳಲು ಕೊಠಡಿಯಿದೆ, ಹೊತ್ತಿಗೆ ಸರಿಯಾಗಿ ಮಾಂಸ ಹಾಕುವ ಸಿಬ್ಬಂದಿಯಿದ್ದಾರೆ. ಇತ್ತೀಚೆಗೆ ಅಕ್ಕನ ಮಗನ ಹಟಕ್ಕೆ ಮಣಿದು ಅಲ್ಲಿಗೆ ಹೋಗಿದ್ದ ನನಗೆ, ಹುಲಿಗಿಂತ ಹೆಚ್ಚು ಹೊತ್ತು ನೋಡಬೇಕಾದ ಸಂಗತಿಗಳು ಆ ಜಾಗದಲ್ಲಿ ಬಹಳಷ್ಟಿವೆ ಎನ್ನಿಸಿತು. ಅವುಗಳಲ್ಲಿ ಮುಖ್ಯವಾದದ್ದು ಅಲ್ಲಿನ ಬೇಲಿ.

ಬನ್ನೇರುಘಟ್ಟ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಬೇರೆ ಜಾಗಗಳನ್ನು ಕರೆಯುತ್ತೇವೆ ಎಂಬುದನ್ನು ಮೊದಲು ಹೇಳಬೇಕು. 1971ರಲ್ಲಿ ಇಲ್ಲಿ ಒಂದು ಚಿಕ್ಕ ಮೃಗಾಲಯ ಶುರುವಾಯಿತು. 1974ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2002ರಲ್ಲಿ ಆ ಕಾಡಿನ ಉತ್ತರದ ಅಂಚಿನ ಒಂದು ಭಾಗವನ್ನು ಬೇರ್ಪಡಿಸಿ ಜೈವಿಕ ಉದ್ಯಾನವೆಂದು ಮಾಡಿ, ಕರ್ನಾಟಕ ಮೃಗಾಲಯ ಪ್ರಾಧಿಕಾರದ ವಶಕ್ಕೆ ಕೊಡಲಾಯಿತು. ಟಿಕೆಟ್ ಪಡೆದು ನಾವು ನೋಡುವ ಮೃಗಾಲಯ, ಸಫಾರಿ, ಚಿಟ್ಟೆಗಳ ಉದ್ಯಾನ ಎಲ್ಲವೂ ಸುಮಾರು 730 ಹೆಕ್ಟೇರಿನ ಈ ಜೈವಿಕ ಉದ್ಯಾನದೊಳಗಿವೆ. ಅದರ ಬೆನ್ನಿಗೇ ಹೊಂದಿಕೊಂಡಿರುವ ರಾಷ್ಟ್ರೀಯ ಉದ್ಯಾನ 260 ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಹರಡಿದೆ. ಅಲ್ಲಿನ ಪ್ರಾಣಿಗಳಿಗೆ ಹೆಸರೂ ಇಲ್ಲ, ಹೊತ್ತು ಹೊತ್ತಿಗೆ ಊಟವೂ ಇಲ್ಲ. ಪ್ರವಾಸಿಗರಲ್ಲಿ ಬಹುಪಾಲು ಜನ ಮೊದಲನೆಯದನ್ನು ನೋಡಿ ಎರಡನೆಯದನ್ನು ನೋಡಿದೆವೆಂದು ಭಾವಿಸಿ ಮನೆಗೆ ಹೋಗುತ್ತಾರೆ. ಒಳಗಿರುವ ಫಲಕಗಳು ಈ ವ್ಯತ್ಯಾಸವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನಗರದ ನಡುಭಾಗದಿಂದ ಅಲ್ಲಿಗೆ ಸುಮಾರು 22 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಹೊರಡುವ 365ನೇ ಸಂಖ್ಯೆಯ ಬಸ್ಸು ಬಹಳ ಕಾಲದಿಂದ ಈ ದಾರಿಯ ಆಧಾರ. ಡೇರಿ ವೃತ್ತ, ಜಯದೇವ, ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ ಎಂದು ಊರು ಮುಗಿಯುವ ಲಕ್ಷಣವೇ ಕಾಣದಂತೆ ರಸ್ತೆ ಸಾಗುತ್ತದೆ. ಕೋಳಿ ಫಾರಂ ಗೇಟ್ ದಾಟಿದ ಮೇಲೂ ಅಪಾರ್ಟ್‌ಮೆಂಟುಗಳು ನಿಲ್ಲುವುದಿಲ್ಲ. ಕೊನೆಗೆ ಬನ್ನೇರುಘಟ್ಟ ಊರಿನ ಚಂಪಕಧಾಮ ಸ್ವಾಮಿಯ ಗುಡ್ಡ ಕಾಣಿಸಿದಾಗಲೇ ಕಟ್ಟಡಗಳು ಸ್ವಲ್ಪ ಹಿಂಜರಿಯುತ್ತವೆ. ಐವತ್ತು ವರ್ಷಗಳ ಹಿಂದೆ ಕಾಡಿಗೂ ಊರಿಗೂ ನಡುವೆ ರಾಗಿ ಹೊಲಗಳಿದ್ದವು, ಕೆರೆಗಳಿದ್ದವು, ದನ ಮೇಯುವ ಗೋಮಾಳಗಳಿದ್ದವು. ಈಗ ಬಸ್ಸಿನ ಕಿಟಕಿಯಿಂದ ನೋಡಿದರೆ ಲೇಔಟಿನ ಕಲ್ಲುಗಳೇ ಎದುರಾಗುತ್ತವೆ.

ಸಫಾರಿಯ ಬಸ್ಸು ಪ್ರತಿ ಆವರಣವನ್ನೂ ಎರಡು ಗೇಟುಗಳ ಮೂಲಕ ಪ್ರವೇಶಿಸುತ್ತದೆ. ಮೊದಲನೆಯ ಗೇಟು ತೆರೆದು ಬಸ್ಸು ಒಳಸೇರಿ, ಅದು ಹಿಂದೆ ಮುಚ್ಚಿದ ನಂತರವೇ ಮುಂದಿನ ಗೇಟು ತೆರೆಯುತ್ತದೆ. ಆ ಎರಡು ಗೇಟುಗಳ ನಡುವೆ ನಿಂತ ಅರೆನಿಮಿಷದಲ್ಲಿ ಬಸ್ಸಿನ ಗದ್ದಲವೆಲ್ಲ ತಾನಾಗಿಯೇ ತಗ್ಗುತ್ತದೆ. ಮೊದಲು ಸಿಗುವ ಜಿಂಕೆ, ಕಡವೆ, ಕಾಡೆಮ್ಮೆಗಳನ್ನು ಜನ ಅಷ್ಟಾಗಿ ಲೆಕ್ಕಿಸುವುದಿಲ್ಲ. ಜಿಂಕೆ ಎಂದರೆ ಸಿನಿಮಾಕ್ಕೆ ಮುನ್ನ ತೋರಿಸುವ ಜಾಹೀರಾತಿನಂತೆ. ಆದರೆ ಗಂಡು ಕೃಷ್ಣಮೃಗದ ಬೆನ್ನಿನ ಕಪ್ಪು ಮತ್ತು ಹೊಟ್ಟೆಯ ಬಿಳುಪು ಗೆರೆ ಎಳೆದಷ್ಟು ಚೊಕ್ಕವಾಗಿ ಬೇರ್ಪಟ್ಟಿರುವುದನ್ನು ನೋಡಲು ಇದಕ್ಕಿಂತ ಹತ್ತಿರದ ಅವಕಾಶ ನಗರವಾಸಿಗೆ ಸಿಗುವುದು ಅಪರೂಪ.

ಸಿಂಹಗಳ ಆವರಣಕ್ಕೆ ಬಂದಾಗ ಒಂದು ಇತಿಹಾಸವನ್ನು ನೆನೆಯಬೇಕು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರ 1998ರ ಅಧಿಸೂಚನೆಯಲ್ಲಿ ನಿಷೇಧಿಸಿತು. ಸರ್ಕಸ್ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರೂ 2001ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ಹೀಗೆ ಕೆಲಸ ಕಳೆದುಕೊಂಡ ನೂರಾರು ಸಿಂಹ ಮತ್ತು ಹುಲಿಗಳನ್ನು ಇಡುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ದೇಶದಲ್ಲಿ ಕೆಲವೇ ಪುನರ್ವಸತಿ ಕೇಂದ್ರಗಳು ತೆರೆದವು, ಬನ್ನೇರುಘಟ್ಟ ಅವುಗಳಲ್ಲೊಂದು. ಸರ್ಕಸ್ಸಿನ ಸಿಂಹಗಳಲ್ಲಿ ಬಹಳಷ್ಟು ಆಫ್ರಿಕಾದ ಮತ್ತು ಗಿರ್ ಕಾಡಿನ ತಳಿಗಳ ಮಿಶ್ರಣವಾಗಿದ್ದುದರಿಂದ ಅವುಗಳ ಸಂತಾನ ಬೆಳೆಸದೆ, ಇದ್ದಷ್ಟು ದಿನ ನೋಡಿಕೊಳ್ಳುವುದೇ ಉದ್ದೇಶವಾಗಿತ್ತು. ಆ ತಲೆಮಾರಿನ ಪ್ರಾಣಿಗಳು ಈಗ ಮುದಿಯಾಗಿ ತೀರಿಕೊಂಡಿವೆ. ಸತ್ತ ಮೇಲೆ ಯಾರ ನೆನಪಿಗೂ ಬಾರದ ಪ್ರಾಣಿಗಳಿಗಾಗಿ ಒಂದು ಸಂಸ್ಥೆ ವರ್ಷಗಟ್ಟಲೆ ಮಾಂಸ ಮತ್ತು ಔಷಧಿ ಒದಗಿಸಿದ್ದನ್ನು ನಾನು ಅಲ್ಪವೆಂದು ಭಾವಿಸುವುದಿಲ್ಲ.

ಬಿಳಿ ಹುಲಿಯ ಬಳಿ ಬಸ್ಸಿನೊಳಗೆ ಎದ್ದ ಉದ್ಗಾರ ಮಾತ್ರ ನನಗೆ ಸ್ವಲ್ಪ ಕಸಿವಿಸಿ ತಂದಿತು. ಅದು ಬೇರೆ ಜಾತಿಯ ಹುಲಿಯೇನಲ್ಲ. ಬಣ್ಣಕ್ಕೆ ಸಂಬಂಧಿಸಿದ ಒಂದು ಅಪರೂಪದ ಜೀನು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಹುಟ್ಟುವ ಮರಿ. 1951ರಲ್ಲಿ ರೇವಾ ಪ್ರದೇಶದಲ್ಲಿ ಸೆರೆಸಿಕ್ಕ ಮೋಹನ್ ಎಂಬ ಬಿಳಿ ಗಂಡುಮರಿಯನ್ನು, ಮುಂದೆ ಅದರ ಮಗಳೊಡನೆಯೇ ಕೂಡಿಸಿ ಈ ಬಣ್ಣವನ್ನು ಉಳಿಸಿಕೊಂಡು ಬರಲಾಯಿತು. ಒಳಸಂಬಂಧದ ಕಾರಣ ಮೆಳ್ಳೆಗಣ್ಣು ಮೊದಲಾದ ತೊಂದರೆಗಳು ಈ ಸಂತತಿಯಲ್ಲಿ ಸಾಮಾನ್ಯ. ಫೋಟೊ ತೆಗೆಯಲು ಅತಿ ಹೆಚ್ಚು ಮೊಬೈಲುಗಳು ಎದ್ದದ್ದು ಅಲ್ಲಿಯೇ.

ಕರಡಿಗಳ ಆವರಣ ಬೇರೆಯೇ ಅನುಭವ. ನಾವು ಹೋದ ಹೊತ್ತಿಗೆ ಒಂದು ಕರಡಿ ರಸ್ತೆಯಿಂದ ಹತ್ತು ಹೆಜ್ಜೆ ದೂರದ ಹುತ್ತದ ಬುಡದಲ್ಲಿ ಕುಳಿತಿತ್ತು. ಮುಂಗಾಲಿನ ಉದ್ದ ಉಗುರುಗಳಿಂದ ಗಟ್ಟಿಮಣ್ಣನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸಿ, ತೂತಿಗೆ ಮೂತಿಯಿಟ್ಟು ಮೊದಲು ಧೂಳನ್ನು ಊದಿತು. ಆಮೇಲೆ ಬಾಯಿಯನ್ನು ಕೊಳವೆಯಂತೆ ಮಾಡಿ ಗೆದ್ದಲನ್ನು ಒಳಗೆಳೆದುಕೊಳ್ಳತೊಡಗಿತು. ಚಾಲಕರು ಬಸ್ಸಿನ ಎಂಜಿನ್ ನಿಲ್ಲಿಸಿದ್ದರಿಂದ ಆ ಎಳೆತದ ಸದ್ದು ಸ್ಪಷ್ಟವಾಗಿ ಕೇಳಿಸಿತು. ನಮ್ಮ ಕಾಡಿನ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳು ಇರುವುದಿಲ್ಲ, ಮೂಗಿನ ಹೊಳ್ಳೆಗಳನ್ನು ಅದು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ಎರಡೂ ಈ ಗೆದ್ದಲೂಟಕ್ಕಾಗಿಯೇ ಆದ ಏರ್ಪಾಡು. ನನ್ನ ಪಕ್ಕದಲ್ಲಿದ್ದ ಹುಡುಗ ಅಲ್ಲಿಯವರೆಗೆ ತಿನ್ನುತ್ತಿದ್ದ ಬಿಸ್ಕತ್ತನ್ನು ಕೈಯಲ್ಲೇ ಹಿಡಿದು ಮರೆತಿದ್ದ.

ಸ್ವಲ್ಪ ಮುಂದೆ ಇನ್ನೊಂದು ಕರಡಿ ಮರದ ನೆರಳಿನಲ್ಲಿ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ತೂಗುತ್ತಿತ್ತು. "ಮಾಮ, ಅದು ಡ್ಯಾನ್ಸ್ ಮಾಡ್ತಾ ಇದೆ ನೋಡು" ಎಂದ ಹುಡುಗ. ಅವನು ಕಂಡದ್ದಕ್ಕೂ ಸತ್ಯಕ್ಕೂ ಬಹಳ ಅಂತರವಿರಲಿಲ್ಲ. ಇಲ್ಲಿರುವ ಕರಡಿಗಳಲ್ಲಿ ಅನೇಕವು ಹಿಂದೆ ಬೀದಿಯಲ್ಲಿ ಕುಣಿದವು. ತಾಯಿಯನ್ನು ಕೊಂದು ಮರಿಯನ್ನು ಹಿಡಿದು ತಂದು, ಕಾಯಿಸಿದ ಕಬ್ಬಿಣದ ಸೂಜಿಯಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು, ಆ ಹಗ್ಗದ ನೋವಿಗೆ ಅದು ಎದ್ದು ನಿಲ್ಲುವುದನ್ನೇ ಕುಣಿತವೆಂದು ತೋರಿಸಲಾಗುತ್ತಿತ್ತು. ನನ್ನ ವಯಸ್ಸಿನವರು ಊರಿನ ಬೀದಿಯಲ್ಲಿ ಕರಡಿಯವನು ಬಂದರೆ ಹಿಂದೆ ಓಡಿದವರೇ. ಮಕ್ಕಳಿಗೆ ಹೆದರಿಕೆ ಬಿಡಲಿ ಎಂದು ಅದರ ಬೆನ್ನ ಮೇಲೆ ಕೂರಿಸುವುದು, ಅದರ ಕೂದಲಿಟ್ಟ ತಾಯಿತ ಕಟ್ಟುವುದು ಮನೆಮನೆಯಲ್ಲಿ ನಡೆಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದ್ದರೂ ಈ ಆಟ ನಿಲ್ಲಲು ದಶಕಗಳೇ ಬೇಕಾದವು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅರಣ್ಯ ಇಲಾಖೆಗಳೊಡನೆ ಸೇರಿ 600ಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿ ತಂದಿತು. ಕರಡಿ ಕುಣಿಸಿ ಬದುಕುತ್ತಿದ್ದ ಖಲಂದರ್ ಕುಟುಂಬಗಳಿಗೆ ಬೇರೆ ಕಸುಬು ಹಿಡಿಯಲು ನೆರವನ್ನೂ ಅವರ ಮಕ್ಕಳಿಗೆ ಓದನ್ನೂ ಒದಗಿಸಿದ್ದರಿಂದಲೇ ಆ ಕೆಲಸ ನಿಂತಿತು. 2009ರ ಡಿಸೆಂಬರಿನಲ್ಲಿ ಬಿಡುಗಡೆಯಾದ, ದೇಶದ ಕೊನೆಯ ಕುಣಿಯುವ ಕರಡಿಯೆಂದು ದಾಖಲಾದ ರಾಜು ಬಂದು ಸೇರಿದ್ದು ಬನ್ನೇರುಘಟ್ಟದ ಕೇಂದ್ರಕ್ಕೇ.

ಹಲ್ಲು ಕಳೆದುಕೊಂಡು, ಆಹಾರ ಹುಡುಕುವುದನ್ನು ತಾಯಿಯಿಂದ ಕಲಿಯದೆ ಬೆಳೆದ ಇಂತಹ ಕರಡಿಯನ್ನು ಮತ್ತೆ ಕಾಡಿಗೆ ಬಿಡಲಾಗುವುದಿಲ್ಲ. ಗಂಜಿ, ಹಣ್ಣು, ಜೇನು ಕೊಟ್ಟು ನೋಡಿಕೊಂಡರೂ ಕೆಲವಕ್ಕೆ ತಲೆ ತೂಗುವ ಚಟ ಸಾಯುವವರೆಗೂ ಹೋಗುವುದಿಲ್ಲ. ನಾವು ಕಂಡ ಕರಡಿಯ ಹಿನ್ನೆಲೆ ಏನೆಂದು ಕೇಳಿ ತಿಳಿಯಲು ಬಸ್ಸು ಅಷ್ಟು ಹೊತ್ತು ನಿಲ್ಲಲಿಲ್ಲ. ಹುಡುಗನಿಗೆ ಈ ಕಥೆಯನ್ನು ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂದು ಯೋಚಿಸಿ ಸೂಜಿಯ ಮಾತನ್ನು ಬಿಟ್ಟು ಉಳಿದದ್ದನ್ನು ಹೇಳಿದೆ.

ಚಿರತೆ ಸಫಾರಿ ಹೊಸದು. 2024ರ ಜೂನ್‌ನಲ್ಲಿ 20 ಹೆಕ್ಟೇರ್ ಪ್ರದೇಶದಲ್ಲಿ ಆರಂಭವಾಯಿತು. ಹುಲಿಯ ಬೇಲಿಗೂ ಚಿರತೆಯ ಬೇಲಿಗೂ ಬಹಳ ವ್ಯತ್ಯಾಸವಿದೆ. ಚಿರತೆ ಮರ ಹತ್ತುವ ಪ್ರಾಣಿಯಾದ್ದರಿಂದ ನಾಲ್ಕೂವರೆ ಮೀಟರ್ ಎತ್ತರದ ಜಾಲರಿಯ ಮೇಲ್ತುದಿಗೆ ಒಂದೂವರೆ ಮೀಟರಿನ ನುಣುಪಾದ ಉಕ್ಕಿನ ತಗಡನ್ನು ಓರೆಯಾಗಿ ಕೂರಿಸಿದ್ದಾರೆ. ಜಾಲರಿ ಹಿಡಿದು ಮೇಲೇರಿದರೂ ತಗಡಿನ ಮೇಲೆ ಉಗುರು ನಾಟುವುದಿಲ್ಲ. 2025ರಲ್ಲಿ ಸಫಾರಿ ವಾಹನದ ಕಿಟಕಿಯ ಸಂದಿಯಿಂದ ಚಿರತೆಯೊಂದು ಬಾಲಕನೊಬ್ಬನನ್ನು ಪರಚಿದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಆದರೂ "ಕೈ ಒಳಗಿಡಿ ಸಾರ್" ಎಂದು ಚಾಲಕರು ಮತ್ತೆ ಮತ್ತೆ ಹೇಳಬೇಕಾಗುತ್ತದೆ ಎಂಬುದು ನಮ್ಮ ಜನರ ಬಗ್ಗೆ ಏನನ್ನೋ ಹೇಳುತ್ತದೆ.

ಮೃಗಾಲಯದ ಭಾಗವನ್ನು ನಡೆದೇ ನೋಡಬೇಕು. ನೀರಾನೆ, ಜಿರಾಫೆ, ಜೀಬ್ರಾ, ಮೊಸಳೆ, ಹಾವುಗಳ ಮನೆ ಎಲ್ಲವೂ ಇವೆ, ಮಕ್ಕಳಿಗೆ ಸಂತೋಷವೂ ಆಗುತ್ತದೆ. ಅದರ ಬಗ್ಗೆ ವಿಶೇಷವಾಗಿ ಹೇಳುವುದೇನೂ ನನ್ನಲ್ಲಿಲ್ಲ. ಚಿಟ್ಟೆಗಳ ಉದ್ಯಾನಕ್ಕೆ ಮಾತ್ರ ಸಮಯ ಉಳಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. 2006ರಲ್ಲಿ ಏಳೂವರೆ ಎಕರೆಯಲ್ಲಿ ತೆರೆದ ಇದು ದೇಶದಲ್ಲಿ ಇಂತಹ ಮೊದಲನೆಯದು. ಪಾರದರ್ಶಕ ಛಾವಣಿಯ ಗುಮ್ಮಟದೊಳಗೆ ಕಾಲಿಟ್ಟರೆ ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ತಾಗುತ್ತದೆ. ಜನ ಹೂವಿನ ಮೇಲಿನ ಚಿಟ್ಟೆಗಳನ್ನೇ ನೋಡಿ ಹೊರಬೀಳುತ್ತಾರೆ, ಆದರೆ ನಿಜವಾದ ವ್ಯವಹಾರ ನಡೆಯುವುದು ಎಲೆಗಳಲ್ಲಿ. ಚಿಟ್ಟೆ ಹಲವು ಬಗೆಯ ಹೂವುಗಳಿಂದ ಮಕರಂದ ಹೀರಬಹುದು. ಮೊಟ್ಟೆಯಿಡುವಾಗ ಮಾತ್ರ ತನ್ನ ಮರಿಹುಳು ತಿನ್ನಬಲ್ಲ ಗಿಡವನ್ನೇ ಹುಡುಕುತ್ತದೆ. ನಿಂಬೆ ಮತ್ತು ಕರಿಬೇವಿನ ಎಲೆಯ ಮೇಲೆ ಒಂದು ಬಗೆ, ಎಕ್ಕದ ಎಲೆಯ ಮೇಲೆ ಇನ್ನೊಂದು ಬಗೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಗಳೇ ಬೇಕು. ಕರಿಬೇವಿನ ಗಿಡವೊಂದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೆಂದು ನಾನು ಕಣ್ಣು ತಿರುಗಿಸಿದ್ದ ಕಪ್ಪು-ಬಿಳಿ ಕಲೆಯೊಂದು ನಿಧಾನವಾಗಿ ತಲೆಯೆತ್ತಿತು. ಎಳೆಯ ಹುಳುವಿಗೆ ಅದೇ ವೇಷ. ಬೆಳೆದ ಮೇಲೆ ಅದು ಎಲೆಯ ಹಸಿರನ್ನೇ ಹೊದ್ದುಕೊಳ್ಳುತ್ತದೆ. ಇದನ್ನು ಮನೆಯ ಕುಂಡದಲ್ಲಿಯೂ ನೋಡಬಹುದು, ಅದಕ್ಕೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದರೆ ಸಾಕು.

ಇಷ್ಟೆಲ್ಲ ಬೇಲಿಯ ಈಚಿನ ಮಾತಾಯಿತು. ಆಚೆಯ ಕಾಡು ಉತ್ತರದಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ಉದ್ದವಿದ್ದರೂ ಅಗಲ ಎಲ್ಲೆಡೆ ಒಂದೇ ಸಮನಾಗಿಲ್ಲ. ಅತಿ ಕಿರಿದಾದ ಕಡೆ 300 ಮೀಟರಿಗೆ ಇಳಿಯುತ್ತದೆ. ಕುರುಚಲು, ಬಿದಿರು, ದಿಂಡಿಗ, ಜಾಲಿಗಳ ಈ ಒಣ ಕಾಡಿನಲ್ಲಿ ಆನೆಗಳಿವೆ, ಚಿರತೆಗಳಿವೆ, ಯಾರೂ ಹಿಡಿಯದ ಕರಡಿಗಳೂ ಇವೆ. ದಕ್ಷಿಣದಲ್ಲಿ ಅದು ತಮಿಳುನಾಡಿನ ತಳಿ ಎಂಬ ಊರಿನ ಕಡೆಯ ಕಾಡುಗಳನ್ನೂ ಕಾವೇರಿ ವನ್ಯಧಾಮವನ್ನೂ ಕೂಡಿಕೊಂಡು, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಗಳ ಕಡೆಗೆ ಸಾಗುವ ಆನೆದಾರಿಯ ಉತ್ತರದ ತುದಿಯಾಗಿದೆ. ಆನೆಗಳ ಹಿಂಡು ಋತುವಿನ ಪ್ರಕಾರ ಈ ದಾರಿಯಲ್ಲಿ ಬರುತ್ತದೆ, ಹೋಗುತ್ತದೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಕಾಡಂಚಿನ ಹೊಲಗಳಲ್ಲಿ ರೈತರು ಅಟ್ಟಣೆ ಕಟ್ಟಿ ರಾತ್ರಿಯಿಡೀ ಕಾಯುತ್ತಾರೆ. ಆನೆ ಕಂದಕ, ಸೋಲಾರ್ ತಂತಿ, ಹಳೆಯ ರೈಲು ಹಳಿಗಳ ತಡೆಗೋಡೆ ಎಲ್ಲವನ್ನೂ ಮಾಡಿ ನೋಡಲಾಗಿದೆ. ಮಳೆಗೆ ಕಂದಕದ ದಡ ಕುಸಿದರೆ ಆನೆಗೆ ಅದೇ ಮೆಟ್ಟಿಲಾಗುತ್ತದೆ.

ಜೈವಿಕ ಉದ್ಯಾನದ ಸಾಕಾನೆಗಳ ವಿಷಯದಲ್ಲಂತೂ ಬೇಲಿಯೆಂಬುದು ಹಗಲಿನ ಮಾತಷ್ಟೇ. ಮಾವುತರು ಸಂಜೆ ಅವನ್ನು ಮೇಯಲು ಕಾಡಿನ ಕಡೆ ಬಿಡುವ ಪದ್ಧತಿಯಿದೆ. ಅಲ್ಲಿ ಕಾಡಿನ ಸಲಗಗಳೊಡನೆ ಕೂಡಿ ಹೆಣ್ಣಾನೆಗಳು ಮರಿ ಹಾಕಿದ ಉದಾಹರಣೆಗಳಿವೆ, ಸಲಗಗಳ ಜೊತೆ ಕಾದಾಟವಾಗಿ ಸಾಕಾನೆ ಸತ್ತದ್ದೂ ಇದೆ. ಟಿಕೆಟ್ ಕೊಂಡು ನಾವು ನೋಡುವ ಮರಿಯಾನೆಯ ತಂದೆ ಆಚೆಯ ಗುಡ್ಡದಲ್ಲೆಲ್ಲೋ ಬಿದಿರು ಮುರಿಯುತ್ತಿರಬಹುದು.

ದೊಡ್ಡ ನಗರದ ಅಂಚಿನ ಕಾಡುಗಳೆಲ್ಲದರ ಕಥೆಯೂ ಕೊನೆಗೆ ಅವುಗಳ ತೆರೆದ ಬದಿಯನ್ನೇ ಅವಲಂಬಿಸಿದೆ. 1946ರಲ್ಲಿ ಸ್ಥಾಪನೆಯಾದ ಕೆನ್ಯಾದ ನೈರೋಬಿ ರಾಷ್ಟ್ರೀಯ ಉದ್ಯಾನಕ್ಕೆ ನಗರದ ಕಡೆ ಬೇಲಿಯಿದೆ, ದಕ್ಷಿಣ ಮಾತ್ರ ಹುಲ್ಲುಗಾವಲಿಗೆ ತೆರೆದಿದೆ. ಆ ಬಯಲಿನಲ್ಲಿ ಮನೆಗಳೂ ಬೇಲಿಗಳೂ ಎದ್ದಂತೆ ಪ್ರಾಣಿಗಳ ಓಡಾಟ ಕುಗ್ಗಿತು. ಬನ್ನೇರುಘಟ್ಟದ ಸ್ಥಿತಿಯೂ ಅದರಿಂದ ದೂರವಿಲ್ಲ. ಕಾಡಿನ ಸುತ್ತಲಿನ ಪರಿಸರ ಸೂಕ್ಷ್ಮ ವಲಯಕ್ಕೆ 2016ರ ಕರಡು ಅಧಿಸೂಚನೆಯಲ್ಲಿ 268.96 ಚದರ ಕಿಲೋಮೀಟರ್ ಗುರುತಿಸಲಾಗಿತ್ತು. 2020ರ ಅಂತಿಮ ಅಧಿಸೂಚನೆಗೆ ಬರುವಷ್ಟರಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರಿಗೂ ತುಸು ಹೆಚ್ಚು ಜಾಗದ ಮೇಲೆ ಕಲ್ಲು ಗಣಿಗಾರಿಕೆ ಮತ್ತು ದೊಡ್ಡ ಕಟ್ಟಡಗಳಿಗೆ ಇರಬಹುದಾಗಿದ್ದ ಅಂಕುಶ ಕಳಚಿತು. ಈ ಅಂಕಿಗಳು ಉದ್ಯಾನದ ದ್ವಾರದಲ್ಲಿ ಎಲ್ಲಿಯೂ ಕಾಣುವುದಿಲ್ಲ, ಆದರೆ ಬನ್ನೇರುಘಟ್ಟದಲ್ಲಿ ಹುಲಿಯನ್ನು ನೋಡಿ ಬಂದವರು ತಿಳಿದಿರಲೇಬೇಕಾದವು ಇವೇ ಎಂದು ನನ್ನ ಎಣಿಕೆ. ಅಲ್ಲಿನ ಹುಲಿಗೆ ಬೇಕಾದದ್ದನ್ನು ಕೊಡಲು ಜನರಿದ್ದಾರೆ; 300 ಮೀಟರ್ ಅಗಲದ ಕಾಡಿನಲ್ಲಿ ದಾಟಬೇಕಾದ ಆನೆಗೆ ಬೇಕಾಗಿರುವುದು ಪಕ್ಕದ ಜಮೀನಿನಲ್ಲಿ ಲೇಔಟು ಏಳದಿರುವುದು, ಮತ್ತು ಅದನ್ನು ತೀರ್ಮಾನಿಸುವವರು ನಗರದಲ್ಲಿದ್ದಾರೆ.

ಹೋಗಬೇಕೆನ್ನುವವರಿಗೆ ಎರಡು ಮಾತು. ಮಂಗಳವಾರ ಉದ್ಯಾನಕ್ಕೆ ರಜೆ, ಭಾನುವಾರ ಜನಜಂಗುಳಿ. ಉಳಿದ ದಿನಗಳಲ್ಲಿ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ತಲುಪಿದರೆ ಪ್ರಾಣಿಗಳೂ ಚುರುಕಾಗಿರುತ್ತವೆ, ಸಫಾರಿಯ ಸರದಿಯೂ ಬೇಗ ಬರುತ್ತದೆ. ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯುವುದು ಒಳ್ಳೆಯದು. ಚಿಟ್ಟೆಗಳ ಉದ್ಯಾನವನ್ನು ಕೊನೆಗೆಂದು ಇಟ್ಟುಕೊಂಡರೆ ಮಕ್ಕಳು ಅಷ್ಟರಲ್ಲಿ ದಣಿದು ಕಾಲು ನೋವೆಂದು ಕುಳಿತುಬಿಡುತ್ತಾರೆ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಚಿಟ್ಟೆಗಳು ಹೆಚ್ಚು ಹಾರುವುದರಿಂದ ಸಫಾರಿ ಮುಗಿದ ಕೂಡಲೇ ಅಲ್ಲಿಗೆ ಹೋಗಿ, ಮೃಗಾಲಯವನ್ನು ಉಳಿದ ಸಮಯಕ್ಕೆ ಬಿಡಬಹುದು.